ಹನಿ ಬಿದ್ದಲ್ಲಿ ತೂತಿಲ್ಲ: ಕ್ಯಾಂಪರ್ ವ್ಯಾನಿನ ಸೋರುವ ಕಿಟಕಿ ಸರಿಪಡಿಸುವ ಬಗೆ

ಮಳೆಗಾಲದಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಇದು ಗೊತ್ತಿರುತ್ತದೆ. ಗಾಜು ಪೂರ್ತಿ ಎಳೆದಾಗಿದೆ, ಮೇಲಿನಿಂದ ಒಂದು ಹನಿಯೂ ಬೀಳುತ್ತಿಲ್ಲ. ಡ್ರೈವರ್ ಬ್ರೇಕ್ ಒತ್ತಿದ್ದೇ ತಡ, ಗಾಜು ಓಡಾಡುವ ಕೆಳಗಿನ ಚಾನೆಲಿನಲ್ಲಿ ಸದ್ದಿಲ್ಲದೆ ತುಂಬಿಕೊಂಡಿದ್ದ ನೀರು ತುಳುಕಿ ತೊಡೆಯ ಮೇಲೆ ಸುರಿಯುತ್ತದೆ. ಆ ಚಾನೆಲಿನ ತಳದಲ್ಲಿ ನೀರು ಹೊರಹೋಗಲೆಂದೇ ಬಿಟ್ಟ ಸಣ್ಣ ತೂತುಗಳಿರುತ್ತವೆ. ಅವು ಧೂಳು, ಟಿಕೆಟ್ ಚೂರು, ಕಡಲೆಕಾಯಿ ಸಿಪ್ಪೆ ತುಂಬಿ ಕಟ್ಟಿಕೊಂಡಿರುತ್ತವೆ. ಆಗ ನನಗೆ ಇದು ಗೊತ್ತಿರಲಿಲ್ಲ. ಪ್ಯಾಂಟು ಒದ್ದೆಯಾದದ್ದಷ್ಟೇ ಗೊತ್ತಿತ್ತು.

ಈಗ ನಾನಿರುವುದು ಇಂಗ್ಲೆಂಡಿನ ಉತ್ತರ ಭಾಗದಲ್ಲಿ. ಕೆಲವು ವರ್ಷಗಳ ಹಿಂದೆ 1996ರ ಒಂದು ಫೋಕ್ಸ್‌ವ್ಯಾಗನ್ ಟಿ4 ವ್ಯಾನನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆವು. 1990ರಿಂದ 2003ರವರೆಗೆ ತಯಾರಾದ ಈ ಮಾದರಿಯ ವ್ಯಾನುಗಳು ಬ್ರಿಟನ್ನಿನ ರಸ್ತೆಗಳಲ್ಲಿ ಇಂದಿಗೂ ಓಡಾಡುತ್ತಿವೆ. ಅವುಗಳಲ್ಲಿ ಅನೇಕವು ಕ್ಯಾಂಪರ್ ಆದದ್ದು ಕಾರ್ಖಾನೆಯಲ್ಲಿ ಅಲ್ಲ, ಆಮೇಲೆ ಬೇರೆ ಬೇರೆ ವರ್ಕ್‌ಶಾಪುಗಳಲ್ಲಿ. ಉಕ್ಕಿನ ಚಾವಣಿಯನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ಎತ್ತರದ ಫೈಬರ್‌ಗ್ಲಾಸ್ ಟೋಪಿಯೊಂದನ್ನು ಕೂರಿಸುತ್ತಾರೆ. ಅದೇ ಹೈ ಟಾಪ್. ಒಳಗೆ ನೆಟ್ಟಗೆ ನಿಂತು ಚಹಾ ಕಾಸಬಹುದು, ಮೇಲೆ ಅಟ್ಟದಂಥ ಹಲಗೆಯ ಮೇಲೆ ಮಕ್ಕಳನ್ನು ಮಲಗಿಸಬಹುದು. ಆ ಟೋಪಿಯ ಎರಡೂ ಬದಿಗೆ, ಮಲಗಿದವರ ತಲೆಯ ಮಟ್ಟಕ್ಕೆ, ಅಲ್ಯೂಮಿನಿಯಂ ಚೌಕಟ್ಟಿನ ಉದ್ದನೆಯ ಜಾರು ಕಿಟಕಿಗಳು.

ಲೇಕ್ ಡಿಸ್ಟ್ರಿಕ್ಟಿನ ಬೊರೊಡೇಲ್ ಕಣಿವೆಯಲ್ಲಿ ಸೀತ್‌ವೇಟ್ ಎಂಬ ಪುಟ್ಟ ಊರಿದೆ. ಇಂಗ್ಲೆಂಡಿನಲ್ಲಿ ಜನ ವಾಸವಿರುವ ಕಡೆಗಳ ಪೈಕಿ ಅತಿ ಹೆಚ್ಚು ಮಳೆ ಬೀಳುವ ಜಾಗ ಎಂದೇ ಅದು ಹೆಸರಾದದ್ದು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು. ಆಗುಂಬೆಯಲ್ಲಿ ಅದರ ಎರಡು ಪಟ್ಟಿಗೂ ಮೀರಿ ಸುರಿಯುತ್ತದೆ, ನಿಜ. ಆದರೆ ನಮ್ಮ ಮಳೆ ಬಹುಪಾಲು ಮೇಲಿನಿಂದ ಕೆಳಕ್ಕೆ ಬೀಳುತ್ತದೆ, ಇಲ್ಲಿಯದು ಗಾಳಿಯ ಜೊತೆ ಅಡ್ಡಡ್ಡ ಬಂದು ಬಡಿಯುತ್ತದೆ. ಆ ಕಣಿವೆಯಲ್ಲಿ ಕಳೆದ ಮೊದಲ ರಾತ್ರಿಯೇ ಮಗಳ ದಿಂಬು ಒದ್ದೆಯಾಯಿತು. ಕಿಟಕಿಯ ಎಡ ಮೂಲೆಯ ಕೆಳಗೆ ಹನಿ ಕಟ್ಟಿ, ಪ್ಲೈವುಡ್ಡಿನ ಅಂಚಿನಲ್ಲಿ ಒಂದು ಗೇಣು ಓಡಿ, ತೊಟ್ಟಿಕ್ಕುತ್ತಿತ್ತು.

ಮನೆಗೆ ಬಂದವನು ಎಲ್ಲರೂ ಮಾಡುವ ಕೆಲಸವನ್ನೇ ಮಾಡಿದೆ. ಒಂದು ಟ್ಯೂಬ್ ಸಿಲಿಕೋನ್ ತಂದು ಚೌಕಟ್ಟಿನ ಸುತ್ತ ಹೊರಗಿನಿಂದ ಮೆತ್ತಿದೆ. ಮುಂದಿನ ಮಳೆಗೆ ಮೊದಲಿಗಿಂತ ಹೆಚ್ಚು ನೀರು ಒಳಗೆ ಬಂತು. ಹಾಗೇಕೆ ಆಯಿತೆಂದು ಅರ್ಥವಾಗುವ ಹೊತ್ತಿಗೆ ಒಂದು ಚಳಿಗಾಲ ಕಳೆದಿತ್ತು. ಆ ಒಂದು ಚಳಿಗಾಲವನ್ನು ಇನ್ನೊಬ್ಬರಿಗೆ ಉಳಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಈ ಕಿಟಕಿ ನೀರನ್ನು ತಡೆಯುವುದಿಲ್ಲ

ಜಾರು ಕಿಟಕಿ ನೀರನ್ನು ಪೂರ್ತಿ ತಡೆಯಲೆಂದು ಮಾಡಿದ್ದಲ್ಲ. ಇದು ತಲೆಗೆ ಹತ್ತಿದರೆ ಅರ್ಧ ಕೆಲಸ ಮುಗಿದಂತೆ. ಗಾಜು ಜಾರಬೇಕಾದರೆ ಅದರ ಸುತ್ತ ಸ್ವಲ್ಪ ಸಡಿಲ ಇರಲೇಬೇಕು. ಆ ಸಡಿಲಿನಲ್ಲಿ ಮೆತ್ತನೆಯ ಫೆಲ್ಟ್ ಅಥವಾ ಬ್ರಷ್ಷಿನಂಥ ಅಂಚು ಇರುತ್ತದೆ. ಅದು ಗಾಳಿಯನ್ನೂ ಹೆಚ್ಚಿನ ನೀರನ್ನೂ ತಡೆಯುತ್ತದೆ. ತಡೆಯಲಾಗದ ಉಳಿದ ನೀರು ಗಾಜಿನ ಮೇಲೆ ಇಳಿದು ಕೆಳಗಿನ ಚಾನೆಲಿಗೆ ಸೇರುತ್ತದೆ. ಚಾನೆಲಿನ ಒಳಗೋಡೆ ಹೊರಗೋಡೆಗಿಂತ ಎತ್ತರ. ಹಾಗಾಗಿ ನೀರು ಒಳಕ್ಕೆ ತುಳುಕುವ ಮೊದಲೇ ತಳದ ತೂತುಗಳಿಂದ ಹೊರಗೆ ಹರಿದು, ವ್ಯಾನಿನ ಮೈಮೇಲೆ ಇಳಿದು ಹೋಗಬೇಕು. ಅಂಗಳದ ನೀರು ಚರಂಡಿ ಸೇರುವಂತೆ. ಚರಂಡಿ ಕಟ್ಟಿದರೆ ಅಂಗಳ ತುಂಬುತ್ತದೆ, ಅಂಗಳ ತುಂಬಿದರೆ ನೀರು ಹೊಸ್ತಿಲು ದಾಟುತ್ತದೆ.

ನಾನು ಹೊರಗಿನಿಂದ ಮೆತ್ತಿದ ಸಿಲಿಕೋನ್ ಆ ತೂತುಗಳನ್ನೇ ಮುಚ್ಚಿತ್ತು. ನನಗಿಂತ ಮೊದಲಿನ ಮಾಲೀಕರು ಆಗಲೇ ಒಂದನ್ನು ಮುಚ್ಚಿದ್ದರು, ಉಳಿದದ್ದನ್ನು ನಾನು ಮುಚ್ಚಿದೆ. ಹಳೆಯ ಕ್ಯಾಂಪರ್ ಕೊಂಡವರು ಮೊದಲು ನೋಡಬೇಕಾದದ್ದು ಇದನ್ನೇ. ಚೌಕಟ್ಟಿನ ಕೆಳ ಅಂಚಿನಲ್ಲಿ ಹೊರಗಡೆ ಎರಡು ಮೂರು ಸಣ್ಣ ಸೀಳುಗಳು, ಕೆಲವೊಮ್ಮೆ ಅವುಗಳ ಮೇಲೆ ಪ್ಲಾಸ್ಟಿಕ್ಕಿನ ಸಣ್ಣ ಮುಚ್ಚಳಗಳು ಕಾಣಬೇಕು. ಕಾಣದಿದ್ದರೆ ಯಾರೋ ಒಳ್ಳೆಯ ಮನಸ್ಸಿನಿಂದಲೇ ಅವುಗಳ ಮೇಲೆ ಏನನ್ನೋ ಬಳಿದಿದ್ದಾರೆ.

ಹೈ ಟಾಪಿನ ಕಿಟಕಿಗಳು ವ್ಯಾನಿನ ಕೆಳಗಿನ ಕಿಟಕಿಗಳಿಗಿಂತ ಬೇಗ ಸೋರುವುದಕ್ಕೆ ಇನ್ನೂ ಎರಡು ಕಾರಣಗಳಿವೆ. ಒಂದು, ಆ ಟೋಪಿಯ ಬದಿಗಳು ನೆಟ್ಟಗಿರುವುದಿಲ್ಲ. ಮೇಲಕ್ಕೆ ಹೋದಂತೆ ಒಳಕ್ಕೆ ವಾಲಿರುತ್ತವೆ, ಜೊತೆಗೆ ಸ್ವಲ್ಪ ಬಾಗಿಯೂ ಇರುತ್ತವೆ. ವಾಲಿದ ಗೋಡೆಯ ಕಿಟಕಿಯ ಮೇಲೆ ಚಾವಣಿಯ ನೀರೆಲ್ಲ ಹರಿದು ಬರುತ್ತದೆ. ನಮ್ಮ ಮನೆಗಳ ಕಿಟಕಿಗೆ ಸಜ್ಜಾ ಇರುತ್ತದೆ, ಇದಕ್ಕೆ ಅದೂ ಇಲ್ಲ. ಎರಡನೆಯದು, ಬಾಗಿದ ಮೈಗೆ ಚಪ್ಪಟೆ ಚೌಕಟ್ಟು ಕೂರಿಸಿದಾಗ ಎಲ್ಲ ಕಡೆ ಒಂದೇ ಸಮ ಒತ್ತುವುದಿಲ್ಲ. ನಡುವೆ ಬಿಗಿಯಾದರೆ ಮೂಲೆಯಲ್ಲಿ ಸಂದು, ಮೂಲೆ ಬಿಗಿದರೆ ನಡುವೆ ಸಂದು. ಆ ಸಂದನ್ನು ತುಂಬಿದ ಮ್ಯಾಸ್ಟಿಕ್ ಇಪ್ಪತ್ತು ಮೂವತ್ತು ವರ್ಷಕ್ಕೆ ಒಣಗಿ ಬಿರಿಯುತ್ತದೆ. ಇಲ್ಲಿ ಸೋರಿದ್ದು ಮಾತ್ರ ನಿಜವಾದ ಸೋರಿಕೆ. ಅಲ್ಲಿಂದ ನುಗ್ಗಿದ ನೀರು ಫೈಬರ್‌ಗ್ಲಾಸಿಗೂ ಒಳಗಿನ ಪ್ಲೈವುಡ್ಡಿಗೂ ನಡುವೆ ಇಳಿದು, ಕಣ್ಣಿಗೆ ಬೀಳದೆ ಮರವನ್ನು ಕೊಳೆಸುತ್ತದೆ.

ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು

ನಮ್ಮೂರ ಹಂಚಿನ ಮನೆಯಲ್ಲಿ ಜೂನ್ ತಿಂಗಳ ಮೊದಲ ಜಡಿಮಳೆಗೆ ನಡುಮನೆಯಲ್ಲಿ ಹನಿ ಬಿದ್ದರೆ ಅಪ್ಪಯ್ಯ ಅದರ ನೇರಕ್ಕೆ ಮೇಲೆ ನೋಡುತ್ತಲೇ ಇರಲಿಲ್ಲ. ಅಟ್ಟ ಹತ್ತಿ, ಬ್ಯಾಟರಿ ಹಿಡಿದು, ರೀಪಿನ ಉದ್ದಕ್ಕೂ ಒದ್ದೆಯ ಗೆರೆಯನ್ನು ಬೆರಳಲ್ಲಿ ಸವರುತ್ತ ಮೇಲಕ್ಕೆ ಹೋಗುತ್ತಿದ್ದರು. ಒಡೆದ ಹಂಚು ಸಿಗುತ್ತಿದ್ದದ್ದು ಹನಿ ಬಿದ್ದ ಜಾಗದಿಂದ ನಾಲ್ಕಾರು ಅಡಿ ದೂರದಲ್ಲಿ. ವ್ಯಾನಿನ ಕಿಟಕಿಗೂ ಮಾಡಬೇಕಾದದ್ದು ಇದನ್ನೇ: ಒದ್ದೆಯ ಗೆರೆ ಹಿಡಿದು ಮೇಲಕ್ಕೆ ಹೋಗಬೇಕು.

ಅದಕ್ಕೂ ಮೊದಲು ಅದು ಮಳೆಯ ನೀರೇ ಹೌದೋ ಅಲ್ಲವೋ ನೋಡಿಕೊಳ್ಳಿ. ಚಳಿಯ ರಾತ್ರಿ ವ್ಯಾನ್ ಮುಚ್ಚಿ ಮೂವರು ಮಲಗಿದರೆ ಉಸಿರಿನ ತೇವ ತಣ್ಣಗಿನ ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಕೂತು ಧಾರೆಯಾಗಿ ಇಳಿಯುತ್ತದೆ. ಗ್ಯಾಸ್ ಒಲೆಯದೂ ದೊಡ್ಡ ಪಾಲಿದೆ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರು ಆವಿಯಾಗಿ ಹುಟ್ಟುತ್ತದೆ. ಮಳೆಯಿಲ್ಲದ ರಾತ್ರಿಯೂ ಕಿಟಕಿಯ ಕೆಳಗೆ ಒದ್ದೆಯಾಗುತ್ತಿದ್ದರೆ, ಅದರಲ್ಲೂ ಎಲ್ಲ ಕಿಟಕಿಗಳ ಕೆಳಗೂ ಒಂದೇ ಸಮ ಒದ್ದೆಯಾಗುತ್ತಿದ್ದರೆ, ಬೇಕಾಗಿರುವುದು ಗಾಳಿಯಾಡುವ ವ್ಯವಸ್ಥೆ, ರಿಪೇರಿಯಲ್ಲ. ವ್ಯಾನ್ ಖಾಲಿ ನಿಂತಿದ್ದಾಗಲೂ ಮಳೆಯ ಮರುದಿನ ಒದ್ದೆ ಕಂಡರೆ ಅದು ಸೋರಿಕೆ.

ಸೋರಿಕೆ ಎಂದು ಖಚಿತವಾದ ಮೇಲೆ ಪೈಪು ಹಿಡಿಯಿರಿ. ಒಬ್ಬರು ಹೊರಗೆ, ಒಬ್ಬರು ಒಳಗೆ ಬ್ಯಾಟರಿ ಹಿಡಿದು. ಒಳಗಿನ ಪರದೆ, ಅಂಚುಪಟ್ಟಿ ಎಲ್ಲ ತೆಗೆದು, ಚೌಕಟ್ಟಿನ ಸುತ್ತ ಒಣಬಟ್ಟೆಯಲ್ಲಿ ಒರೆಸಿ, ಟಾಲ್ಕಂ ಪೌಡರ್ ಉದುರಿಸಿ. ನೀರು ಓಡಿದ ದಾರಿ ಅದರಲ್ಲಿ ಗೆರೆಯಾಗಿ ಮೂಡುತ್ತದೆ. ಪೌಡರ್ ನಿಲ್ಲದ ಕಡೆ ಟಿಶ್ಯೂ ಪೇಪರಿನ ಪಟ್ಟಿ ಒತ್ತಿಡಿ. ಹೊರಗೆ ಪೈಪಿನ ಬಾಯಿಗೆ ಬೆರಳಿಟ್ಟು ಚಿಮ್ಮಿಸಬೇಡಿ, ಪ್ರೆಷರ್ ವಾಷರ್ ಅಂತೂ ಬೇಡವೇ ಬೇಡ. ಅದರ ರಭಸಕ್ಕೆ ಸರಿಯಾದ ಕಿಟಕಿಯೂ ಸೋರುತ್ತದೆ. ನೀರು ಮೆಲ್ಲಗೆ ಹರಿಯಲಿ.

ಹರಿಸುವುದೂ ಕೆಳಗಿನಿಂದ ಮೇಲಕ್ಕೆ. ಮೊದಲು ಚೌಕಟ್ಟಿನ ಕೆಳಗಿನ ಅಂಚಿಗೆ ಮಾತ್ರ ಐದು ಹತ್ತು ನಿಮಿಷ. ಒಳಗೆ ಏನೂ ಕಾಣದಿದ್ದರೆ ಬದಿಯ ಅಂಚು, ಆಮೇಲೆ ಗಾಜು, ಆಮೇಲೆ ಮೇಲಂಚು, ಕೊನೆಗೆ ಚಾವಣಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲದರ ಮೇಲೂ ಹರಿದು ಯಾವುದು ಸೋರಿತೆಂದು ತಿಳಿಯುವುದೇ ಇಲ್ಲ. ಇದಕ್ಕೆ ತಾಳ್ಮೆ ಬೇಕು. ನನಗೂ ನನ್ನ ಹೆಂಡತಿಗೂ ಒಂದು ಕಿಟಕಿಗೆ ಪೂರ್ತಿ ಒಂದೂವರೆ ಗಂಟೆ ಹಿಡಿಯಿತು. ಆ ಒಂದೂವರೆ ಗಂಟೆ ಖರ್ಚು ಮಾಡದವರು ಮುಂದೆ ಮಾಡುವ ರಿಪೇರಿಯೆಲ್ಲ ಬರೀ ಊಹೆ.

ಕಾಣುವುದನ್ನು ಹೀಗೆ ಓದಿ. ಕೆಳ ಚಾನೆಲ್ ತುಂಬಿ ಒಳಗೆ ತುಳುಕಿದರೆ ತೂತು ಕಟ್ಟಿದೆ. ಎರಡು ಗಾಜುಗಳು ಒಂದರ ಮೇಲೊಂದು ಬರುವ ನಡುಭಾಗದಲ್ಲಿ ಹನಿ ಕಂಡರೆ ಅಲ್ಲಿಯ ಬ್ರಷ್ ಪಟ್ಟಿ ಸವೆದಿದೆ, ಇಲ್ಲವೇ ಚಿಲಕ ಗಾಜನ್ನು ಬಿಗಿಯಾಗಿ ಎಳೆಯುತ್ತಿಲ್ಲ. ಚೌಕಟ್ಟಿನ ಒಂದೇ ಬಿಂದುವಿನಲ್ಲಿ, ಅದರಲ್ಲೂ ಅಲ್ಯೂಮಿನಿಯಂ ಪಟ್ಟಿಯ ಎರಡು ತುದಿ ಕೂಡುವಲ್ಲಿ ಹನಿ ಕಂಡರೆ ಆ ಕೂಡಿಕೆ ಬಿಟ್ಟಿದೆ. ಚೌಕಟ್ಟು ಒಣಗಿದ್ದು ಅದರ ಹಿಂದಿನ ಪ್ಲೈವುಡ್ ಒದ್ದೆಯಾದರೆ ಫೈಬರ್‌ಗ್ಲಾಸಿಗೂ ಚೌಕಟ್ಟಿಗೂ ನಡುವಿನ ಮ್ಯಾಸ್ಟಿಕ್ ಹೋಗಿದೆ. ಚಾವಣಿಗೆ ನೀರು ಬಿಟ್ಟಾಗ ಮಾತ್ರ ಒದ್ದೆಯಾದರೆ ಕಿಟಕಿಯ ತಪ್ಪೇ ಇಲ್ಲ. ಮೇಲಿನ ಗಾಳಿಕಿಂಡಿಯೋ ರೂಫ್ ರ‍್ಯಾಕಿನ ಬೋಲ್ಟೋ ಸೋಲಾರ್ ಪ್ಯಾನೆಲಿನ ವೈರ್ ಇಳಿಸಿದ ತೂತೋ ಸೋರುತ್ತಿದೆ. ನಿಂತಾಗ ಸೋರದೆ ಹೆದ್ದಾರಿಯಲ್ಲಿ ಓಡುವಾಗ ಮಾತ್ರ ಸೋರಿದರೆ ಕಿಟಕಿಯ ಮುಂದಿನ ನಿಲುವಂಚನ್ನೂ ಗಾಜುಗಳ ನಡುವಿನ ಪಟ್ಟಿಯನ್ನೂ ನೋಡಿ.

ಇನ್ನೊಂದು ಉಪಾಯ ಪಕ್ಕದ ಮನೆಯ ನಿವೃತ್ತ ಬಡಗಿಯಜ್ಜ ಹೇಳಿಕೊಟ್ಟದ್ದು. ಎಲ್ಲ ಕಿಟಕಿ ಬಾಗಿಲು ಮುಚ್ಚಿ, ಹೊರಗಿನ ಗಾಳಿ ಎಳೆಯುವಂತೆ ಮಾಡಿ, ವ್ಯಾನಿನ ಬ್ಲೋವರನ್ನು ಪೂರ್ತಿ ಜೋರಾಗಿ ಓಡಿಸಿ. ಒಳಗೆ ಗಾಳಿಯ ಒತ್ತಡ ಸ್ವಲ್ಪ ಏರುತ್ತದೆ. ಹೊರಗಿನಿಂದ ಚೌಕಟ್ಟಿನ ಸುತ್ತ ಸಾಬೂನು ನೀರು ಸಿಂಪಡಿಸಿದರೆ, ಸಂದು ಇದ್ದಲ್ಲಿ ಗುಳ್ಳೆ ಏಳುತ್ತದೆ. ನಮ್ಮ ಕಿಟಕಿಯ ಮೇಲಿನ ಎಡ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಹೊರಟವು. ಹನಿ ಬೀಳುತ್ತಿದ್ದದ್ದು ಕೆಳ ಮೂಲೆಯಲ್ಲಿ, ನೀರು ನುಗ್ಗುತ್ತಿದ್ದದ್ದು ಮೇಲಿನ ಮೂಲೆಯಲ್ಲಿ.

ಮೊದಲು ಸುಲಭದ ಕೆಲಸ

ಚಾನೆಲ್ ತೊಳೆಯುವುದರಿಂದಲೇ ಅನೇಕ ಕಿಟಕಿಗಳು ಸರಿಹೋಗುತ್ತವೆ. ಗಾಜನ್ನು ಪೂರ್ತಿ ಒಂದು ಕಡೆಗೆ ಸರಿಸಿ, ಚಾನೆಲಿನಲ್ಲಿ ಕೂತ ಕೆಸರನ್ನು ವ್ಯಾಕ್ಯೂಮಿನಿಂದ ಎಳೆಯಿರಿ. ಇಲ್ಲಿಯ ಹವೆಗೆ ಅದರಲ್ಲಿ ಹಸಿರು ಪಾಚಿ ಬೆಳೆದಿರುತ್ತದೆ. ಬೆಚ್ಚಗಿನ ಸಾಬೂನು ನೀರು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ತೂತುಗಳಿಗೆ ಹಲ್ಲಿನ ಸಂದು ತೊಳೆಯುವ ಸಣ್ಣ ಬ್ರಷ್ ಹೇಳಿ ಮಾಡಿಸಿದಂತಿದೆ. ಅದು ಇಲ್ಲದಿದ್ದರೆ ತೆಳ್ಳನೆಯ ಕೇಬಲ್ ಟೈ. ಕಬ್ಬಿಣದ ತಂತಿ ಹಾಕಿ ತಿವಿದರೆ ಒಳಗಿನ ರಬ್ಬರ್ ಹರಿಯುತ್ತದೆ. ಮೇಲೆ ಸಿಲಿಕೋನ್ ಬಳಿದಿದ್ದರೆ ಪ್ಲಾಸ್ಟಿಕ್ ಬ್ಲೇಡಿನಿಂದ ಕೆರೆದು ತೆಗೆದು ಸೀಳುಗಳನ್ನು ಬಿಡಿಸಿ. ಒಂದು ಲೋಟ ನೀರನ್ನು ಚಾನೆಲಿಗೆ ಸುರಿದು ನೋಡಿ. ಸುರಿದಷ್ಟೂ ಹೊರಗೆ ಹರಿಯಬೇಕು.

ಅಂದಹಾಗೆ, ವ್ಯಾನ್ ನಿಂತ ಜಾಗವೂ ಲೆಕ್ಕಕ್ಕೆ ಬರುತ್ತದೆ. ಇಳಿಜಾರಿನಲ್ಲಿ ಮೂತಿ ಕೆಳಗಾಗಿ ನಿಂತರೆ ಚಾನೆಲಿನ ನೀರೆಲ್ಲ ಮುಂದಿನ ಮೂಲೆಗೆ ಸೇರುತ್ತದೆ. ಆ ಮೂಲೆಯ ತೂತೊಂದು ಕಟ್ಟಿದ್ದರೂ ಸಾಕು, ರಾತ್ರಿ ತುಳುಕಲು.

ಫೆಲ್ಟ್ ಸವೆದಿದ್ದರೆ ಬದಲಿಸಬೇಕು. ಗಾಜು ಕೂರುವ ಈ ರಬ್ಬರ್ ಚಾನೆಲ್, ಒಳಮೈಗೆ ಮಖಮಲ್ಲಿನಂಥ ನುಣುಪು ಇರುವಂಥದ್ದು, ಹಳೆಯ ಕಾರುಗಳ ಬಿಡಿಭಾಗ ಮಾರುವ ಕಡೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಹಳೆಯದರ ಒಂದು ತುಂಡನ್ನು ಕತ್ತರಿಸಿಕೊಂಡು ಹೋಗಿ, ಅದರ ಅಗಲ, ಎತ್ತರ, ಗಾಜಿನ ದಪ್ಪ ಮೂರನ್ನೂ ಹೊಂದಿಸಿ ತನ್ನಿ. ಹೊಸದನ್ನು ಕೂರಿಸುವಾಗ ಹಲವರು ಮರೆಯುವುದೊಂದಿದೆ. ಚೌಕಟ್ಟಿನ ತೂತು ಇರುವ ಕಡೆಗೆ ಸರಿಯಾಗಿ ಈ ಹೊಸ ರಬ್ಬರಿನ ತಳದಲ್ಲೂ ಕಿಂಡಿ ಕತ್ತರಿಸಬೇಕು. ಇಲ್ಲದಿದ್ದರೆ ಹೊಸ ಪಟ್ಟಿಯೇ ಹಳೆಯ ತೂತನ್ನು ಮುಚ್ಚುತ್ತದೆ.

ಗಾಜು ಬಿಗಿಯಾಗಿ ಓಡುತ್ತಿದ್ದರೆ ಸಿಲಿಕೋನ್ ಸ್ಪ್ರೇ ಹಾಕಿ, ಮನೆಯಲ್ಲಿರುವ ಎಣ್ಣೆಯನ್ನೋ ಗ್ರೀಸನ್ನೋ ಹಾಕಬೇಡಿ. ಪೆಟ್ರೋಲಿಯಂ ಎಣ್ಣೆ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ಧೂಳನ್ನೂ ಹಿಡಿದಿಡುತ್ತದೆ. ಗಾಜಿನ ಬದಲು ಅಕ್ರಿಲಿಕ್ ಹಾಳೆ ಇರುವ ಕಿಟಕಿಯಾದರೆ ಇನ್ನೂ ಎಚ್ಚರ ಬೇಕು. ಉಗುರಿನಿಂದ ತಟ್ಟಿದರೆ ಅಕ್ರಿಲಿಕ್ ಮಂದವಾಗಿ ಸದ್ದು ಮಾಡುತ್ತದೆ, ಗಾಜು ಟಣ್ ಎನ್ನುತ್ತದೆ. ಅಕ್ರಿಲಿಕ್ಕಿಗೆ ಥಿನ್ನರ್, ಪೆಟ್ರೋಲ್, ಅಸಿಟೋನ್, ಸ್ಪಿರಿಟ್ ಯಾವುದೂ ತಾಗಕೂಡದು. ಅವತ್ತು ಏನೂ ಆಗದಂತೆ ಕಂಡರೂ ದಿನ ಕಳೆದಂತೆ ಅದರ ಮೈಯಲ್ಲಿ ಜೇಡರಬಲೆಯಂಥ ಬಿರುಕು ಮೂಡುತ್ತದೆ, ಮತ್ತೆ ಅದಕ್ಕೆ ಮದ್ದಿಲ್ಲ. ಸಾಬೂನು ನೀರೊಂದೇ ಅದಕ್ಕೆ ಸರಿ.

ಚೌಕಟ್ಟಿನ ಕೂಡಿಕೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಅದಕ್ಕೆಂದೇ ಒಂದು ದ್ರವ ಬ್ರಿಟನ್ನಿನ ದೋಣಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ, ಕ್ಯಾಪ್ಟನ್ ಟಾಲೀಸ್ ಕ್ರೀಪಿಂಗ್ ಕ್ರ್ಯಾಕ್ ಕ್ಯೂರ್ ಎಂದು ಹೆಸರು. ಹಾಲಿನಂತಿರುವ ಇದು ಬತ್ತಿಗೆ ಎಣ್ಣೆ ಏರುವಂತೆ ಬಿರುಕಿನೊಳಗೆ ತಾನೇ ನುಸುಳಿ ಒಣಗುತ್ತದೆ. ಅರ್ಧ ಗಂಟೆಗೊಮ್ಮೆ ಹಾಕುತ್ತ, ಒಳಗೆ ಹೀರುವುದು ನಿಲ್ಲುವವರೆಗೆ ಮುಂದುವರಿಸಬೇಕು. ಸಣ್ಣ ಬಿರುಕಿಗೆ ಇದು ಒಳ್ಳೆಯದು. ಮ್ಯಾಸ್ಟಿಕ್ ಪೂರ್ತಿ ಹೋದ ಕಿಟಕಿಗೆ ಇದನ್ನು ನಂಬಬೇಡಿ.

ಕಿಟಕಿ ಬಿಚ್ಚಿ ಮತ್ತೆ ಕೂರಿಸುವುದು

ಸೋರಿಕೆ ಚೌಕಟ್ಟಿನ ಹಿಂದಿನದಾದರೆ ಬಿಚ್ಚದೆ ಗತಿಯಿಲ್ಲ. ಹೆದರಬೇಕಾದ ಕೆಲಸವಲ್ಲ. ಎರಡು ಒಣ ದಿನ, ಇಬ್ಬರು ಮನುಷ್ಯರು, ಗಟ್ಟಿಯಾದ ಒಂದು ಏಣಿ ಬೇಕು. ಹವೆ ಹತ್ತು ಡಿಗ್ರಿಗಿಂತ ತಣ್ಣಗಿದ್ದರೆ ಮ್ಯಾಸ್ಟಿಕ್ ಗಡುಸಾಗಿ ಸರಿಯಾಗಿ ಅಂಟುವುದಿಲ್ಲ, ಹಾಗಾಗಿ ಇಲ್ಲಿ ಮೇ ತಿಂಗಳಿಂದ ಸೆಪ್ಟೆಂಬರಿನೊಳಗೆ ಮಾಡಿಕೊಳ್ಳುವುದು ಒಳ್ಳೆಯದು.

ಹೆಚ್ಚಿನ ಹೈ ಟಾಪ್ ಕಿಟಕಿಗಳಲ್ಲಿ ಹೊರಗಿನ ಚೌಕಟ್ಟು ಒಂದು, ಒಳಗಿನ ಬಿಗಿಪಟ್ಟಿ ಇನ್ನೊಂದು. ನಡುವೆ ಫೈಬರ್‌ಗ್ಲಾಸ್ ಗೋಡೆಯೂ ಮರದ ಪಟ್ಟಿಯೂ ಸಿಕ್ಕಿಕೊಂಡಿರುತ್ತವೆ. ಸ್ಕ್ರೂಗಳು ಒಳಗಿನಿಂದ. ಬಿಚ್ಚುವ ಮೊದಲು ಫೋಟೋ ತೆಗೆದಿಡಿ. ಒಂದೊಂದು ಸ್ಕ್ರೂವನ್ನೂ ಅದರದೇ ಜಾಗದ ಗುರುತಿನೊಂದಿಗೆ ರಟ್ಟಿಗೆ ಚುಚ್ಚಿಡಿ, ಉದ್ದ ಬೇರೆ ಬೇರೆ ಇರಬಹುದು. ಉದ್ದದ ಸ್ಕ್ರೂ ತಪ್ಪು ಜಾಗಕ್ಕೆ ಹೋದರೆ ಹೊರಗಿನ ಚೌಕಟ್ಟನ್ನು ಉಬ್ಬಿಸಿಬಿಡುತ್ತದೆ. ಎಲ್ಲ ತೆಗೆದ ಮೇಲೂ ಕಿಟಕಿ ಹಳೆಯ ಮ್ಯಾಸ್ಟಿಕ್ಕಿಗೆ ಕಚ್ಚಿಕೊಂಡೇ ಇರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಫೈಬರ್‌ಗ್ಲಾಸಿನ ಮೇಲಿನ ಹೊಳಪಿನ ಪದರ ಚಕ್ಕೆಯೇಳುತ್ತದೆ. ಗಾಳದ ನೈಲಾನ್ ದಾರವನ್ನು ಚೌಕಟ್ಟಿನ ಹಿಂದೆ ತೂರಿಸಿ, ಗರಗಸದಂತೆ ಅತ್ತಿತ್ತ ಎಳೆಯುತ್ತ ಸುತ್ತ ಬನ್ನಿ. ಒಳಗಿನವರು ಅಂಗೈಯಿಂದ ಮೆಲ್ಲಗೆ ಒತ್ತಲಿ, ಹೊರಗಿನವರು ಎರಡೂ ಕೈಯಲ್ಲಿ ಹಿಡಿದಿರಲಿ. ನಮ್ಮದು ಬಿಟ್ಟು ಬಂದಾಗ ಹಳೆಯ ಮ್ಯಾಸ್ಟಿಕ್ ಕೈಯಲ್ಲಿ ಹುರಿದ ಹಪ್ಪಳದಂತೆ ಪುಡಿಯಾಯಿತು.

ಈಗ ಬಹಳ ಹೊತ್ತು ಹಿಡಿಯುವ, ಬೇಸರ ತರುವ, ಆದರೆ ಎಲ್ಲಕ್ಕಿಂತ ಮುಖ್ಯವಾದ ಕೆಲಸ: ಸ್ವಚ್ಛ ಮಾಡುವುದು. ಹಳೆಯ ಮ್ಯಾಸ್ಟಿಕ್ಕನ್ನು ಪ್ಲಾಸ್ಟಿಕ್ ಬ್ಲೇಡಿನಿಂದ ಎರಡೂ ಕಡೆ ಪೂರ್ತಿ ಕೆರೆಯಿರಿ. ಜಿಡ್ಡು ಉಳಿದರೆ ವೈಟ್ ಸ್ಪಿರಿಟ್, ಕೊನೆಗೆ ಫೈಬರ್‌ಗ್ಲಾಸಿಗೂ ಅಲ್ಯೂಮಿನಿಯಮ್ಮಿಗೂ ಐಸೊಪ್ರೊಪೈಲ್ ಆಲ್ಕೋಹಾಲ್, ಮತ್ತೆ ಹೇಳುತ್ತೇನೆ, ಅಕ್ರಿಲಿಕ್ ಹಾಳೆಗೆ ತಾಗದಂತೆ. ಹಿಂದೆ ಯಾರಾದರೂ ಸಿಲಿಕೋನ್ ಹಾಕಿದ್ದರೆ ಕಷ್ಟ ಎರಡು ಪಟ್ಟು. ಸಿಲಿಕೋನಿನ ಕಣ್ಣಿಗೆ ಕಾಣದ ಪದರ ಉಳಿದರೂ ಅದರ ಮೇಲೆ ಮತ್ತಾವುದೂ ಅಂಟುವುದಿಲ್ಲ, ಪೇಂಟ್ ಕೂಡ. ಅದಕ್ಕೆಂದೇ ಸಿಗುವ ಸಿಲಿಕೋನ್ ರಿಮೂವರ್ ಹಚ್ಚಿ ಎರಡೆರಡು ಸಲ ಕೆರೆಯಬೇಕು. ವಿನೆಗರಿನ ವಾಸನೆ ಬರುವ ಅಗ್ಗದ ಸಿಲಿಕೋನ್ ಇದೆಯಲ್ಲ, ಅದು ಗಟ್ಟಿಯಾಗುವಾಗ ಬಿಡುವ ಆಮ್ಲ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತದೆ. ನಮ್ಮ ಚೌಕಟ್ಟಿನ ಹಿಂಬದಿಯಲ್ಲಿ ಸುಣ್ಣದಂಥ ಬಿಳಿ ಪುಡಿ ಕೂತಿದ್ದದ್ದು ಅದು ಹಚ್ಚಿದ್ದ ಜಾಗದಲ್ಲೇ.

ಕಿಟಕಿ ತೆಗೆದಾಗ ಮರವನ್ನು ನೋಡದೆ ಬಿಡಬೇಡಿ. ಚೂಪಾದ ದಬ್ಬಳದಿಂದ ಅಲ್ಲಲ್ಲಿ ಚುಚ್ಚಿ. ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ಬ್ರೆಡ್ಡಿನಂತೆ ಒಳಗೆ ಬಿಡುತ್ತದೆ. ತೇವಾಂಶ ಅಳೆಯುವ ಮೀಟರ್ ಇದ್ದರೆ ಇನ್ನೂ ಒಳ್ಳೆಯದು: ಶೇಕಡಾ 15ರೊಳಗಿದ್ದರೆ ಚಿಂತೆಯಿಲ್ಲ, 20 ದಾಟಿದ್ದರೆ ಒಣಗಿಸದೆ ಮುಚ್ಚಬಾರದು. ಒದ್ದೆ ಮರದ ಮೇಲೆ ಹೊಸ ಮ್ಯಾಸ್ಟಿಕ್ ಹಾಕಿ ಬಿಗಿದರೆ ನೀರನ್ನು ಒಳಗೇ ಕೂಡಿಹಾಕಿದಂತೆ. ಕಿಟಕಿಯ ಜಾಗಕ್ಕೆ ಹೊರಗಿನಿಂದ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಒಳಗೆ ಹೀಟರ್, ಫ್ಯಾನ್ ಇಟ್ಟು ನಾವು ಐದು ದಿನ ಕಾದೆವು. ಕೊಳೆತ ಒಂದು ಮೊಳದಷ್ಟು ಪಟ್ಟಿಯನ್ನು ಕತ್ತರಿಸಿ ಹೊಸ ಮರ ಸೇರಿಸಿದೆವು. ಬಡಗಿಯಜ್ಜ ಅದಕ್ಕೆ ಎಪಾಕ್ಸಿ ಬಳಿದು, ಅಂಚು ಪೂರ್ತಿ ಮುಚ್ಚಿದ್ದನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿದರು. ಫೈಬರ್‌ಗ್ಲಾಸನ್ನು ಉಜ್ಜುವುದೋ ಕತ್ತರಿಸುವುದೋ ಇದ್ದರೆ ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಆ ಧೂಳು ಮೈಗೆ ಹತ್ತಿದರೆ ತುರಿಕೆ ಎರಡು ದಿನ ಬಿಡುವುದಿಲ್ಲ, ಶ್ವಾಸಕೋಶಕ್ಕೆ ಹೋಗುವುದಂತೂ ಬೇಡ.

ಮತ್ತೆ ಕೂರಿಸಲು ಏನು ಬಳಸಬೇಕು ಎಂಬುದರಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಎಂದೂ ಗಟ್ಟಿಯಾಗದ ಬ್ಯೂಟೈಲ್ ಮ್ಯಾಸ್ಟಿಕ್ ಟೇಪು. ಗಾಡಿಯ ಗಾಜು ಅಂಟಿಸುವ ಪಾಲಿಯುರೆಥೇನ್ ಅಂಟು ಬಲವಾದದ್ದು ನಿಜ, ಆದರೆ ಅದು ಚೌಕಟ್ಟನ್ನು ಗೋಡೆಗೆ ಶಾಶ್ವತವಾಗಿ ಅಂಟಿಸುತ್ತದೆ. ಮುಂದೊಂದು ದಿನ ಕಿಟಕಿ ಬಿಚ್ಚಬೇಕಾದವರು ಚೌಕಟ್ಟನ್ನು ಮುರಿಯದೆ ತೆಗೆಯಲಾರರು. ಈ ಕಿಟಕಿಯನ್ನು ಹಿಡಿದಿಡುವುದು ಸ್ಕ್ರೂಗಳ ಕೆಲಸ, ಮ್ಯಾಸ್ಟಿಕ್ಕಿಗೆ ಸಂದು ತುಂಬುವ ಕೆಲಸ ಮಾತ್ರ. ಬಿಸಿಲಿಗೆ ಫೈಬರ್‌ಗ್ಲಾಸ್ ಒಂದಷ್ಟು, ಅಲ್ಯೂಮಿನಿಯಂ ಇನ್ನೊಂದಷ್ಟು ಹಿಗ್ಗುತ್ತದೆ. ಮೆತ್ತಗೆ ಉಳಿಯುವ ಮ್ಯಾಸ್ಟಿಕ್ ಎರಡರ ಜೊತೆಗೂ ಹೊಂದಿಕೊಳ್ಳುತ್ತದೆ.

ಟೇಪನ್ನು ಚೌಕಟ್ಟಿನ ಒಳಮೈಗೆ ಅಂಟಿಸಬೇಕು. ಚೌಕಟ್ಟಿನ ಅಂಚು ಎಷ್ಟು ಅಗಲವೋ ಅಷ್ಟು ಅಗಲ, 2-3 ಮಿಲಿಮೀಟರ್ ದಪ್ಪ. ಎಳೆಯಬೇಡಿ, ಎಳೆದರೆ ತೆಳ್ಳಗಾಗಿ ಆಮೇಲೆ ಹಿಂದಕ್ಕೆ ಸರಿಯುತ್ತದೆ. ಎರಡು ತುದಿ ಸೇರುವ ಜಾಗ ಮೇಲಂಚಿನಲ್ಲಿ ಬಾರದಿರಲಿ, ಸೇರಿದಲ್ಲಿ ಬೆರಳಿಂದ ಒತ್ತಿ ಒಂದೇ ಮುದ್ದೆಯಾಗಿಸಿ. ಇಲ್ಲಿಗೆ ಬಂದಾಗ ಬಾಗಿದ ಗೋಡೆಯ ಮಾತು ನೆನಪಿಸಿಕೊಳ್ಳಿ. ಟೇಪ್ ಹಾಕುವ ಮುಂಚೆ ಒಮ್ಮೆ ಖಾಲಿ ಚೌಕಟ್ಟನ್ನು ಕೂರಿಸಿ, ಸುತ್ತ ಪೋಸ್ಟ್‌ಕಾರ್ಡ್ ತೂರಿಸಿ ನೋಡಿ, ಎಲ್ಲಿ ಸಲೀಸಾಗಿ ಹೋಗುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಆ ಗುರುತುಗಳಲ್ಲಿ ಟೇಪನ್ನು ಎರಡು ಪದರ ಹಾಕಿ. ನಮ್ಮಲ್ಲಿ ಮೇಲಿನ ಎರಡೂ ಮೂಲೆಗಳಿಗೆ ಎರಡು ಪದರ ಬೇಕಾಯಿತು. ಗುಳ್ಳೆ ಎದ್ದ ಮೂಲೆ ಅದರಲ್ಲೊಂದು.

ಸ್ಕ್ರೂ ಬಿಗಿಯುವಾಗ ಅವಸರ ಬೇಡ. ಕಾರಿನ ಚಕ್ರದ ನಟ್ ಬಿಗಿಯುವಂತೆ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ. ಸುತ್ತಲೂ ಒಂದೇ ಸಮ ಮ್ಯಾಸ್ಟಿಕ್ಕಿನ ಸಣ್ಣ ಅಂಚು ಹೊರಗೆ ಉಕ್ಕಿ ಬರುವವರೆಗೆ ಸಾಕು. ಡ್ರಿಲ್ಲಿಗೆ ಬಿಟ್ ಹಾಕಿ ಬಿಗಿಯಬೇಡಿ, ಕೈಯಿಂದಲೇ ಬಿಗಿಯಿರಿ. ಒಂದು ದಿನ ಬಿಟ್ಟು ಬಂದು ನೋಡಿದರೆ ಮ್ಯಾಸ್ಟಿಕ್ ಇನ್ನಷ್ಟು ಕೂತು ಸ್ಕ್ರೂಗಳು ಸಡಿಲವಾಗಿರುತ್ತವೆ, ಮತ್ತೆ ಕಾಲು ಸುತ್ತು ಕೊಡಿ. ಬಿಸಿಲಿದ್ದ ದಿನದ ಸಂಜೆ ಇನ್ನೊಮ್ಮೆ. ಆಮೇಲೆ ಉಕ್ಕಿದ ಅಂಚನ್ನು ಪ್ಲಾಸ್ಟಿಕ್ ಚಾಕುವಿನಿಂದ ಕತ್ತರಿಸಿ ತೆಗೆಯಿರಿ. ಕೆಳಗಿನ ಸೀಳುಗಳ ಮುಂದೆ ಮ್ಯಾಸ್ಟಿಕ್ ಉಳಿದಿಲ್ಲವೆಂದು ಬೆರಳಾಡಿಸಿ ಖಚಿತ ಮಾಡಿಕೊಳ್ಳಿ.

ಕೊನೆಗೊಂದು ಸಜ್ಜಾ. ಹಿಂಬದಿಗೆ ಅಂಟು ಇರುವ, ಮೇಲಕ್ಕೆ ಬಾಗಿದ ತುಟಿಯಂಥ ರಬ್ಬರ್ ಪಟ್ಟಿ ಕ್ಯಾರವಾನ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಕಿಟಕಿಯ ಮೇಲೆ ಎರಡು ಬೆರಳು ಜಾಗ ಬಿಟ್ಟು, ಎರಡೂ ಕಡೆ ಕಿಟಕಿಗಿಂತ ನಾಲ್ಕೈದು ಸೆಂಟಿಮೀಟರ್ ಹೊರಚಾಚುವಂತೆ, ನಡುವೆ ಚೂರು ಎತ್ತರವಾಗಿ ತುದಿಗಳು ಇಳಿಯುವಂತೆ ಅಂಟಿಸಿ. ಚಾವಣಿಯಿಂದ ಇಳಿಯುವ ನೀರು ಕಿಟಕಿಗೆ ಬರದೆ ಬದಿಗೆ ಸರಿದು ಹೋಗುತ್ತದೆ. ಹೈ ಟಾಪಿನ ಕಿಟಕಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಉಪಕಾರ ಮಾಡುವ ವಸ್ತು ಇನ್ನೊಂದಿಲ್ಲ. ಊರಿನಲ್ಲಿ ಟೆಂಪೋ ಟ್ರಾವೆಲರನ್ನು ಕ್ಯಾಂಪರ್ ಮಾಡಿಸಿಕೊಳ್ಳುವವರಿಗೂ ಇದನ್ನೇ ಹೇಳುತ್ತೇನೆ. ಜಾರು ಗಾಜು, ಚಾನೆಲ್, ತಳದ ತೂತು ಅಲ್ಲೂ ಇವೇ, ಮಳೆಯಂತೂ ಇಲ್ಲಿಗಿಂತ ದೊಡ್ಡದು.

ಎಲ್ಲ ಮುಗಿದ ಮೇಲೆ ಮತ್ತೆ ಪೈಪು, ಮತ್ತೆ ಟಾಲ್ಕಂ ಪೌಡರ್, ಅದೇ ಕೆಳಗಿನಿಂದ ಮೇಲಕ್ಕೆ. ನಾವು ಆ ಪರೀಕ್ಷೆ ಮುಗಿಸಿಯೂ ತಿಂಗಳವರೆಗೆ ಒಳಗಿನ ಅಂಚುಪಟ್ಟಿ ಮುಚ್ಚಲಿಲ್ಲ, ಮರ ಕಾಣುವಂತೆ ಹಾಗೇ ಬಿಟ್ಟಿದ್ದೆವು. ಮೀಟರಿನಲ್ಲಿ 13 ತೋರಿಸಿದ ಮೇಲೆ ಮುಚ್ಚಿದೆವು. ಈಗ ಪ್ರತಿ ಅಕ್ಟೋಬರಿನಲ್ಲಿ, ಮರಗಳ ಎಲೆ ಉದುರಿ ಚಾನೆಲಿಗೆ ಸೇರುವ ಹೊತ್ತಿಗೆ, ಮಗಳು ಒಂದು ಲೋಟ ನೀರು ಹಿಡಿದು ಅಟ್ಟದ ಹಲಗೆ ಹತ್ತುತ್ತಾಳೆ. ನಾನು ಹೊರಗೆ ನಿಂತು ಕೆಳಗಿನ ಸೀಳುಗಳನ್ನು ನೋಡುತ್ತೇನೆ. ಅವಳು ಸುರಿದು ಕೂಗುತ್ತಾಳೆ, "ಅಪ್ಪಾ, ಬಂತಾ?" ಎರಡೂ ಕಡೆಯಿಂದ ಬರಬೇಕು.